ಇಸ್ಲಾಮೀ ಬ್ಯಾಂಕುಗಳಲ್ಲಿ ಪುರಸ್ಕಾರ ಮತ್ತು ದಂಡನೆ: ಇಂಡೊನೇಷ್ಯದ ಅನುಭವದ ಸಮೀಕ್ಷೆ

ಕೆಲಸವನ್ನು ಚೆನ್ನಾಗಿ ನಿರ್ವಹಿಸಿದವನಿಗೆ ಪುರಸ್ಕಾರವನ್ನೂ ಕರ್ತವ್ಯದಲ್ಲಿ ತಪ್ಪಿದವನಿಗೆ ದಂಡನೆಯನ್ನೂ ವಿಧಿಸುವ ಪದ್ಧತಿ ಆಡಳಿತದಷ್ಟೇ ಪ್ರಾಚೀನವಾದುದು. ನಮ್ಮ ಕಚೇರಿಗಳ ಕನ್ನಡವನ್ನು ಗಮನಿಸಿದರೂ ಈ ಮಾತು ವ್ಯಕ್ತವಾಗುತ್ತದೆ. ಇನಾಮು, ಜುಲ್ಮಾನೆ, ಅಮಾನತು, ಬರ್ತರಫು ಎಂಬ ಶಬ್ದಗಳು ಅರಬ್ಬಿ ಮತ್ತು ಪಾರಸೀ ಭಾಷೆಗಳಿಂದ ಆಡಳಿತದ ಮೂಲಕ ನಮ್ಮಲ್ಲಿಗೆ ಬಂದು ನೆಲಸಿವೆ. ಇವುಗಳಲ್ಲಿ ಅಮಾನತು ಎಂಬ ಶಬ್ದದ ಚರಿತ್ರೆ ಕುತೂಹಲಕರವಾದುದು. ಮೂಲ ಅರಬ್ಬಿಯಲ್ಲಿ ಅದಕ್ಕೆ ನಂಬಿ ಒಪ್ಪಿಸಿದ ವಸ್ತು, ನಂಬಿಕೆಗೆ ಪಾತ್ರವಾಗುವ ಗುಣ ಎಂದು ಅರ್ಥ. ನಮ್ಮ ಕಚೇರಿಗಳಲ್ಲಾದರೋ ವಿಚಾರಣೆ ಮುಗಿಯುವವರೆಗೆ ನೌಕರನನ್ನು ಕೆಲಸದಿಂದ ದೂರವಿಡುವ ಕ್ರಮಕ್ಕೆ ಆ ಹೆಸರು ಸಂದಿದೆ. ಒಂದೇ ಶಬ್ದವು ಅಲ್ಲಿ ನಂಬಿಕೆಯನ್ನೂ ಇಲ್ಲಿ ಶಂಕೆಯನ್ನೂ ಸೂಚಿಸುತ್ತಿರುವುದನ್ನು ಓದುಗರು ಗಮನಿಸಬೇಕು. ಪ್ರಸ್ತುತ ಲೇಖನದ ಪ್ರಶ್ನೆಯೂ ಬಹುಮಟ್ಟಿಗೆ ಇದೇ ಆಗಿದೆ.

ಆ ಪ್ರಶ್ನೆಯನ್ನು ಹೀಗೆ ಹೇಳಬಹುದು: ಬಡ್ಡಿಯನ್ನು ವರ್ಜಿಸಿ, ಧರ್ಮಶಾಸ್ತ್ರದ ನಿಯಮಗಳಿಗೆ ಒಳಪಟ್ಟು ವ್ಯವಹಾರ ನಡೆಸುತ್ತೇವೆಂದು ಹೇಳುವ ಬ್ಯಾಂಕು ತನ್ನ ನೌಕರನಿಂದ ಒಳ್ಳೆಯ ಕೆಲಸವನ್ನು ಹೇಗೆ ಪಡೆಯಬೇಕು? ಬಹುಮಾನದಿಂದಲೋ, ಭಯದಿಂದಲೋ, ಅಥವಾ ಇವೆರಡಕ್ಕೂ ಮೀರಿದ ಮತ್ತಾವುದರಿಂದಲೋ? ಕಳೆದ ಕೆಲವು ದಶಕಗಳಲ್ಲಿ, ವಿಶೇಷವಾಗಿ ಇಂಡೊನೇಷ್ಯದ ವಿದ್ಯಾಲಯಗಳಲ್ಲಿ, ಈ ಬಗೆಗೆ ಅನೇಕ ಪ್ರಬಂಧಗಳು ರಚಿತವಾಗಿವೆ. ನಾವು ಅರ್ಥಶಾಸ್ತ್ರಜ್ಞರಲ್ಲ, ಇತಿಹಾಸದ ಅಧ್ಯಾಪಕರು. ಆದಕಾರಣ ಅಂಕಿಗಳನ್ನು ಹೊಸದಾಗಿ ಸಂಗ್ರಹಿಸುವ ಉದ್ದೇಶ ನಮಗಿಲ್ಲ. ಆ ಸಂಸ್ಥೆಗಳು ಬೆಳೆದು ಬಂದ ಬಗೆಯನ್ನೂ ಪುರಸ್ಕಾರ ದಂಡನೆಗಳ ಹಿಂದಿರುವ ವಿಚಾರಗಳನ್ನೂ ವಿವರಿಸಿ, ಅವುಗಳ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

೧. ಸಂಸ್ಥೆಯ ಹಿನ್ನೆಲೆ

ಆಧುನಿಕ ಇಸ್ಲಾಮೀ ಬ್ಯಾಂಕಿನ ಮೊದಲ ಪ್ರಯೋಗಗಳಲ್ಲಿ ಪ್ರಸಿದ್ಧವಾದುದು ಈಜಿಪ್ತಿನ ನೈಲ್ ನದಿಯ ಮುಖಜಭೂಮಿಯಲ್ಲಿರುವ ಮಿತ್ ಘಮ್ರ್ ಎಂಬ ಊರಿನದು. ೧೯೬೩ರಲ್ಲಿ ಅಹ್ಮದ್ ಅಲ್ ನಜ್ಜಾರ್ ಅವರು ಅಲ್ಲಿ ಸ್ಥಾಪಿಸಿದ ಉಳಿತಾಯದ ಬ್ಯಾಂಕಿಗೆ ಜರ್ಮನಿಯ ಉಳಿತಾಯ ಬ್ಯಾಂಕುಗಳು ಮಾದರಿಯಾಗಿದ್ದವು. ೧೯೬೭ರ ವೇಳೆಗೆ ಆ ಸ್ವತಂತ್ರ ಪ್ರಯೋಗ ಕೊನೆಗೊಂಡಿತು. ವಿಚಾರವು ಮಾತ್ರ ಅಳಿಯಲಿಲ್ಲ. ೧೯೭೫ರಲ್ಲಿ ದುಬೈಯಲ್ಲಿ ಇಸ್ಲಾಮೀ ವಾಣಿಜ್ಯ ಬ್ಯಾಂಕು ಆರಂಭವಾಯಿತು. ಅದೇ ವರ್ಷ ಜೆದ್ದಾದಲ್ಲಿ ಇಸ್ಲಾಮೀ ಅಭಿವೃದ್ಧಿ ಬ್ಯಾಂಕು ಕೆಲಸವನ್ನಾರಂಭಿಸಿತು. ಮಲೇಷ್ಯದಲ್ಲಿ ೧೯೮೩ರಲ್ಲಿ ಇಂಥ ಬ್ಯಾಂಕು ಸ್ಥಾಪಿತವಾಯಿತು. ಇಂಡೊನೇಷ್ಯದ ಮೊದಲ ಇಸ್ಲಾಮೀ ಬ್ಯಾಂಕಾದ ಬ್ಯಾಂಕ್ ಮುಆಮಲಾತ್ ೧೯೯೧ರಲ್ಲಿ ರಚಿತವಾಗಿ ೧೯೯೨ರ ಮೇ ೧ರಂದು ಬಾಗಿಲು ತೆರೆಯಿತು. ೨೦೦೮ರಲ್ಲಿ ಆ ದೇಶದ ಶಾಸನಸಭೆ ಇಸ್ಲಾಮೀ ಬ್ಯಾಂಕುಗಳಿಗಾಗಿಯೇ ಪ್ರತ್ಯೇಕ ಶಾಸನವನ್ನು ರೂಪಿಸಿತು. ೨೦೨೧ರ ಫೆಬ್ರವರಿಯಲ್ಲಿ ಸರ್ಕಾರೀ ಒಡೆತನದ ಬ್ಯಾಂಕುಗಳಿಗೆ ಸೇರಿದ ಮೂರು ಸಂಸ್ಥೆಗಳು ಒಂದುಗೂಡಿ ಬ್ಯಾಂಕ್ ಶರೀಅಃ ಇಂಡೊನೇಷ್ಯ ಎಂಬ ದೊಡ್ಡ ಸಂಸ್ಥೆಯಾದವು.

ಈ ಬ್ಯಾಂಕುಗಳ ವ್ಯವಹಾರದ ಸ್ವರೂಪವನ್ನು ತಿಳಿಯದೆ ಅಲ್ಲಿನ ನೌಕರನ ಕೆಲಸವನ್ನು ಅಳೆಯಲಾಗದು. ಸಾಲ ಕೊಟ್ಟು ಬಡ್ಡಿ ಪಡೆಯುವುದು ಇಲ್ಲಿ ನಿಷಿದ್ಧ. ಅದಕ್ಕೆ ಬದಲಾಗಿ ಎರಡು ಬಗೆಯ ಮಾರ್ಗಗಳಿವೆ. ಮೊದಲನೆಯದು ಲಾಭದ ಹಂಚಿಕೆ. ಮುದಾರಬ ಎಂಬ ಒಪ್ಪಂದದಲ್ಲಿ ಒಬ್ಬನು ಬಂಡವಾಳವನ್ನೂ ಇನ್ನೊಬ್ಬನು ದುಡಿಮೆಯನ್ನೂ ಹೂಡಿ ಲಾಭವನ್ನು ಮೊದಲೇ ನಿಶ್ಚಯಿಸಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಮುಶಾರಕದಲ್ಲಿ ಇಬ್ಬರೂ ಬಂಡವಾಳ ಹೂಡುತ್ತಾರೆ. ಎರಡನೆಯದು ವ್ಯಾಪಾರದ ಮಾರ್ಗ. ಮುರಾಬಹ ಎಂಬ ಒಪ್ಪಂದದಲ್ಲಿ ಗ್ರಾಹಕನಿಗೆ ಬೇಕಾದ ವಸ್ತುವನ್ನು ಬ್ಯಾಂಕೇ ಕೊಂಡು, ಅಸಲಿನ ಮೇಲೆ ತಾನಿರಿಸಿಕೊಂಡ ಲಾಭವನ್ನು ಬಹಿರಂಗವಾಗಿ ತಿಳಿಸಿ, ಕಂತುಗಳ ಮೇಲೆ ಮಾರುತ್ತದೆ. ಮೊದಲನೆಯ ಮಾರ್ಗದಲ್ಲಿ ನೌಕರನು ಗ್ರಾಹಕನ ಅಂಗಡಿಗೆ ಪದೇ ಪದೇ ಹೋಗಬೇಕು, ಲೆಕ್ಕದ ಪುಸ್ತಕ ನೋಡಬೇಕು, ಮನುಷ್ಯನನ್ನು ಅರಿಯಬೇಕು. ಎರಡನೆಯದರಲ್ಲಿ ಕಾಗದಪತ್ರಗಳು ಸರಿಯಾಗಿದ್ದರೆ ಬಹುಮಟ್ಟಿಗೆ ಸಾಕು. ಈ ವ್ಯತ್ಯಾಸವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

೨. ಪಾಶ್ಚಾತ್ಯರ ವಿಚಾರಗಳು

ಪುರಸ್ಕಾರ ದಂಡನೆಗಳ ಆಧುನಿಕ ಸಿದ್ಧಾಂತ ಇಸ್ಲಾಮೀ ಬ್ಯಾಂಕುಗಳಲ್ಲಿ ಹುಟ್ಟಿದುದಲ್ಲ. ಅಮೆರಿಕದ ಕಾರ್ಖಾನೆಗಳಲ್ಲಿ ಕೆಲಸದ ಅಳತೆಗೆ ತಕ್ಕ ಕೂಲಿಯನ್ನು ಪ್ರತಿಪಾದಿಸಿದ ಟೇಲರ್ ಅವರ ಗ್ರಂಥ ೧೯೧೧ರಲ್ಲಿ ಪ್ರಕಟವಾಯಿತು. ತೃಪ್ತಿ ತಂದ ಕ್ರಿಯೆ ಪುನರಾವರ್ತನೆಗೊಳ್ಳುವುದೆಂಬ ನಿಯಮವನ್ನು ಮಂಡಿಸಿದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಅವರು ೧೯೩೦ರ ದಶಕದಲ್ಲಿ ತಮ್ಮ ಮತವನ್ನು ತಾವೇ ತಿದ್ದಿಕೊಂಡರು. ಪುರಸ್ಕಾರವು ಅಭ್ಯಾಸವನ್ನು ಬಲಪಡಿಸುವಷ್ಟು ಪ್ರಮಾಣದಲ್ಲಿ ದಂಡನೆಯು ಅದನ್ನು ದುರ್ಬಲಗೊಳಿಸುವುದಿಲ್ಲವೆಂಬುದು ಅವರ ಹೊಸ ನಿರ್ಣಯ. ದಂಡನೆಯು ತಪ್ಪು ವರ್ತನೆಯನ್ನು ಕೆಲಕಾಲ ಅಡಗಿಸುವುದಲ್ಲದೆ ಬೇರುಸಹಿತ ಕೀಳುವುದಿಲ್ಲವೆಂದು ಸ್ಕಿನ್ನರ್ ಅವರೂ ಪ್ರತಿಪಾದಿಸಿದರು.

೧೯೫೯ರಲ್ಲಿ ಹರ್ಜ್‌ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಇನ್ನೊಂದು ಭೇದವನ್ನು ಎತ್ತಿ ತೋರಿದರು. ಸಂಬಳ, ಮೇಲ್ವಿಚಾರಣೆ, ಕೆಲಸದ ಸ್ಥಳದ ಸ್ಥಿತಿಗತಿ ಮುಂತಾದುವು ಸರಿಯಿಲ್ಲದಿದ್ದರೆ ನೌಕರನು ಅತೃಪ್ತನಾಗುತ್ತಾನೆ. ಆದರೆ ಅವು ಸರಿಯಾಗಿದ್ದ ಮಾತ್ರಕ್ಕೆ ಅವನಲ್ಲಿ ಉತ್ಸಾಹ ಮೂಡುವುದಿಲ್ಲ. ಉತ್ಸಾಹವು ಕೆಲಸದ ಸಾಧನೆಯಿಂದ, ಮನ್ನಣೆಯಿಂದ, ಹೊಣೆಗಾರಿಕೆಯಿಂದ ಬರುತ್ತದೆ ಎಂದು ಅವರ ವಾದ. ೧೯೭೧ರಲ್ಲಿ ಡೆಸಿ ಅವರು ಪ್ರಕಟಿಸಿದ ಪ್ರಯೋಗಗಳು ಮತ್ತೂ ಮುಂದೆ ಹೋದವು. ಸ್ವಂತ ಆಸಕ್ತಿಯಿಂದ ಒಗಟನ್ನು ಬಿಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಅನಂತರ ನಿಲ್ಲಿಸಿದಾಗ, ಬಿಡುವಿನ ವೇಳೆಯಲ್ಲಿ ಅದರ ಕಡೆಗಿನ ಅವರ ಒಲವು ಕುಗ್ಗಿತೆಂದು ಅವರು ಕಂಡರು. ಧರ್ಮಬುದ್ಧಿಯಿಂದ ಈ ಉದ್ಯೋಗವನ್ನು ಆರಿಸಿಕೊಂಡೆವೆಂದು ಹೇಳುವ ನೌಕರರಿರುವ ಬ್ಯಾಂಕಿಗೆ ಈ ಎಚ್ಚರಿಕೆ ವಿಶೇಷವಾಗಿ ಅನ್ವಯಿಸುತ್ತದೆ.

೩. ಇಸ್ಲಾಮೀ ಧರ್ಮಶಾಸ್ತ್ರದ ಕಲ್ಪನೆಗಳು

ಇಸ್ಲಾಮೀ ಧರ್ಮಶಾಸ್ತ್ರವು ಕೂಲಿಯನ್ನೂ ಪುರಸ್ಕಾರವನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಉಜ್ರ ಎಂದರೆ ಗೊತ್ತಾದ ಕೆಲಸಕ್ಕೋ ಗೊತ್ತಾದ ಅವಧಿಗೋ ಸಲ್ಲುವ ಕೂಲಿ. ಅದು ದುಡಿದವನ ಹಕ್ಕು. ಅದನ್ನು ತಡಮಾಡದೆ, ಬೆವರು ಆರುವ ಮೊದಲೇ ಸಲ್ಲಿಸಬೇಕೆಂಬ ಉಪದೇಶ ಪ್ರವಾದಿಯವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜುಆಲ ಎಂಬುದು ಬೇರೆ. ಇಂಥ ಕಾರ್ಯವನ್ನು ಸಾಧಿಸಿದವನಿಗೆ ಇಷ್ಟು ಕೊಡುವೆನೆಂದು ಮೊದಲೇ ಸಾರಿ, ಕಾರ್ಯ ಸಿದ್ಧಿಸಿದ ಮೇಲೆ ಕೊಡುವ ಪುರಸ್ಕಾರವೇ ಜುಆಲ. ಇದಕ್ಕೆ ಆಧಾರವಾಗಿ ಶಾಸ್ತ್ರಜ್ಞರು ಕುರಾನಿನ ಯೂಸುಫನ ಕಥೆಯಲ್ಲಿ, ಕಳೆದುಹೋದ ಅರಸನ ಪಾತ್ರೆಯನ್ನು ತಂದುಕೊಟ್ಟವನಿಗೆ ಒಂದು ಒಂಟೆಯ ಹೊರೆಯಷ್ಟು ಧಾನ್ಯ ಕೊಡುವುದಾಗಿ ಸಾರಿದ ಪ್ರಸಂಗವನ್ನು ಉದಾಹರಿಸುತ್ತಾರೆ. ಇಂಡೊನೇಷ್ಯದ ಉಲೇಮಾಗಳ ಪರಿಷತ್ತಿಗೆ ಸೇರಿದ ರಾಷ್ಟ್ರೀಯ ಶರೀಅತ್ ಮಂಡಲಿಯು ೨೦೦೭ರಲ್ಲಿ ಜುಆಲದ ಬಗೆಗೇ ಒಂದು ಫತ್ವಾ ಹೊರಡಿಸಿದೆ. ಕೂಲಿಯನ್ನು ಪುರಸ್ಕಾರವೆಂದು ಕರೆದು ಕೊಡುವುದು ಈ ಭೇದವನ್ನು ಮರೆತಂತೆ. ಹಕ್ಕನ್ನು ದಯೆಯಾಗಿ ಮಾರ್ಪಡಿಸಿದಂತೆ.

ದಂಡನೆಯ ವಿಷಯದಲ್ಲಿ ತಅಜೀರ್ ಎಂಬ ಕಲ್ಪನೆ ಮುಖ್ಯವಾದುದು. ಧರ್ಮಗ್ರಂಥದಲ್ಲಿ ಶಿಕ್ಷೆ ನಿಯತವಾಗಿಲ್ಲದ ತಪ್ಪುಗಳಿಗೆ ನ್ಯಾಯಾಧೀಶನು ತನ್ನ ವಿವೇಚನೆಯಿಂದ ವಿಧಿಸುವ ಶಿಕ್ಷೆಯಿದು. ೧೦೫೮ರಲ್ಲಿ ಮೃತನಾದ ಬಾಗ್ದಾದಿನ ಅಲ್ ಮಾವರ್ದಿಯು ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಇದನ್ನು ತಿದ್ದುವ ಕ್ರಮವೆಂದೂ ತಪ್ಪಿನ ಸ್ವರೂಪಕ್ಕೂ ತಪ್ಪಿತಸ್ಥನ ಸ್ಥಿತಿಗೂ ತಕ್ಕಂತೆ ಭೇದ ಹೊಂದುವಂಥದೆಂದೂ ವಿವರಿಸಿದ್ದಾನೆ. ಆದರೆ ತಅಜೀರ್ ಅಧಿಕಾರವಿರುವುದು ರಾಜ್ಯಕ್ಕೆ, ಯಜಮಾನನಿಗಲ್ಲ. ಹಣದ ರೂಪದ ತಅಜೀರ್ ಸಲ್ಲುವುದೇ ಎಂಬಲ್ಲಿಯೂ ಶಾಸ್ತ್ರಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಪೂರ್ವಿಕರಲ್ಲಿ ಬಹುಮಂದಿ ಅದನ್ನು ಒಪ್ಪಲಿಲ್ಲ. ದಂಡದ ನೆಪದಲ್ಲಿ ಬಲಿಷ್ಠನು ದುರ್ಬಲನ ಹಣವನ್ನು ಅಪಹರಿಸಬಹುದೆಂಬ ಶಂಕೆಯೇ ಇದರ ಹಿನ್ನೆಲೆ.

ಇದೇ ಶಂಕೆ ನಮ್ಮ ಕಾಲದ ನಿಯಮಗಳಲ್ಲಿಯೂ ಕಾಣಿಸಿಕೊಂಡಿದೆ. ಶಕ್ತಿಯಿದ್ದೂ ಕಂತನ್ನು ತಡಮಾಡುವ ಗ್ರಾಹಕನಿಗೆ ದಂಡ ಹಾಕಬಹುದೆಂದು ಮೇಲೆ ಹೇಳಿದ ಮಂಡಲಿಯು ೨೦೦೦ದಲ್ಲಿ ಫತ್ವಾ ಕೊಟ್ಟಿತು. ಆದರೆ ಆ ಹಣ ಬ್ಯಾಂಕಿನ ಆದಾಯವಾಗಕೂಡದು, ಸಮಾಜದ ಹಿತಕ್ಕಾಗಿರುವ ನಿಧಿಗೆ ಸೇರಬೇಕು ಎಂದು ವಿಧಿಸಿತು. ಇಂಡೊನೇಷ್ಯದ ೧೯೮೧ರ ಕೂಲಿರಕ್ಷಣೆಯ ನಿಯಮಾವಳಿಯೂ ನೌಕರನ ಮೇಲೆ ಹಾಕಿದ ದಂಡದಿಂದ ಯಜಮಾನನು ಲಾಭ ಪಡೆಯುವುದನ್ನು ನಿಷೇಧಿಸಿತ್ತು. ನಮ್ಮ ದೇಶದ ಚರಿತ್ರೆಯಲ್ಲಿಯೂ ಇದಕ್ಕೆ ಹೋಲಿಕೆಯಿದೆ. ೧೯೩೬ರ ವೇತನ ಪಾವತಿ ಶಾಸನವು ದಂಡವನ್ನು ಕೂಲಿಯ ರೂಪಾಯಿಗೆ ಅರ್ಧ ಆಣೆಯ ಮಿತಿಗೆ ಒಳಪಡಿಸಿ, ವಸೂಲಾದ ಹಣವನ್ನು ಕಾರ್ಮಿಕರ ಹಿತಕ್ಕೆ ಮಾತ್ರ ಬಳಸಬೇಕೆಂದು ವಿಧಿಸಿತು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಆಧಾರಗಳಿಂದ ಹೊರಟವರು ಒಂದೇ ತತ್ತ್ವವನ್ನು ತಲುಪಿದ್ದಾರೆ: ದಂಡಿಸುವವನು ದಂಡದಿಂದ ಬದುಕಬಾರದು.

೪. ಇಂದಿನ ಆಚರಣೆ

ಇಂಡೊನೇಷ್ಯದ ಇಸ್ಲಾಮೀ ಬ್ಯಾಂಕುಗಳಲ್ಲಿ ಸಂಬಳದ ಹೊರತಾಗಿ ವಾರ್ಷಿಕ ಲಾಭಾಂಶ, ಬಡ್ತಿ, ಪ್ರಶಸ್ತಿಪತ್ರ, ಮಾದರಿ ನೌಕರನಿಗೆ ಮಕ್ಕಾದ ಉಮ್ರಾ ಯಾತ್ರೆಯ ವೆಚ್ಚ ಮುಂತಾದುವು ಪುರಸ್ಕಾರಗಳಾಗಿ ಸಲ್ಲುತ್ತವೆ. ಹಬ್ಬದ ಭತ್ಯೆಯನ್ನು ಕೆಲವರು ಈ ಪಟ್ಟಿಯಲ್ಲಿ ಸೇರಿಸುವುದುಂಟು. ಅದು ಸರಿಯಲ್ಲ. ೨೦೧೬ರ ನಿಯಮದ ಪ್ರಕಾರ ಹನ್ನೆರಡು ತಿಂಗಳು ಸತತವಾಗಿ ದುಡಿದ ನೌಕರನಿಗೆ ಒಂದು ತಿಂಗಳ ಸಂಬಳವನ್ನು ಹಬ್ಬಕ್ಕೆ ಏಳು ದಿನ ಮುಂಚಿತವಾಗಿಯಾದರೂ ಕೊಡಲೇಬೇಕು. ಆದಕಾರಣ ಅದು ಉಜ್ರದ ಜಾತಿಗೆ ಸೇರಿದುದು, ಜುಆಲದ ಜಾತಿಗಲ್ಲ. ಹರ್ಜ್‌ಬರ್ಗ್ ಅವರ ಮಾತಿನಲ್ಲಿ ಹೇಳುವುದಾದರೆ, ಕೊಡದಿದ್ದರೆ ಅಸಮಾಧಾನ ಹುಟ್ಟೀತು. ಕೊಟ್ಟುದರಿಂದ ಉತ್ಸಾಹ ಹೆಚ್ಚಲಾರದು.

ದಂಡನೆಗೆ ಕ್ರಮವಿದೆ. ಬಾಯಿಮಾತಿನ ಎಚ್ಚರಿಕೆಯ ಅನಂತರ ಲಿಖಿತ ಎಚ್ಚರಿಕೆಯ ಪತ್ರಗಳು ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಅನುಕ್ರಮವಾಗಿ ಬರುತ್ತವೆ. ೨೦೦೩ರ ಕಾರ್ಮಿಕ ಶಾಸನದಲ್ಲಿಯೂ ಅನಂತರ ೨೦೨೧ರ ಸರ್ಕಾರೀ ನಿಯಮಾವಳಿಯಲ್ಲಿಯೂ ಪ್ರತಿಯೊಂದು ಪತ್ರಕ್ಕೆ ಹೆಚ್ಚೆಂದರೆ ಆರು ತಿಂಗಳ ಅವಧಿಯನ್ನು ಗೊತ್ತುಮಾಡಲಾಗಿದೆ. ಅವಧಿಯೊಳಗೆ ನೌಕರನು ತಿದ್ದಿಕೊಂಡರೆ ಪತ್ರದ ಬಲ ತೀರುತ್ತದೆ. ತಪ್ಪಿಗೆ ಆಯುಸ್ಸನ್ನು ಗೊತ್ತುಪಡಿಸಿ ಮನುಷ್ಯನಿಗೆ ಮರಳುವ ದಾರಿಯನ್ನು ತೆರೆದಿಡುವ ಈ ವ್ಯವಸ್ಥೆ ಪ್ರಶಂಸನೀಯವಾಗಿದೆ. ಲಂಚದಂಥ ಅಪರಾಧಗಳ ಮಾತು ಬೇರೆ. ಗ್ರಾಹಕನಿಗೆ ಅನುಕೂಲ ಮಾಡಿಕೊಟ್ಟು ಸ್ವಂತಕ್ಕೆ ಪ್ರತಿಫಲ ಪಡೆಯುವ ನೌಕರನನ್ನು ೨೦೦೮ರ ಶಾಸನ ಕಾರಾಗೃಹಶಿಕ್ಷೆಗೆ ಗುರಿಪಡಿಸುತ್ತದೆ.

೫. ಪ್ರಬಂಧಗಳ ಪದ್ಧತಿಯ ವಿಮರ್ಶೆ

ಈ ವಿಷಯವನ್ನು ಕುರಿತ ಪ್ರಬಂಧಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ರೂಪುಗೊಂಡಿವೆ. ಒಂದು ಶಾಖೆಯ ಅಥವಾ ಕೆಲವು ಶಾಖೆಗಳ ನೌಕರರಿಗೆ ಪ್ರಶ್ನಾವಳಿಯನ್ನು ಹಂಚಿ, ಪ್ರತಿಯೊಂದು ಹೇಳಿಕೆಯನ್ನು ಎಷ್ಟರಮಟ್ಟಿಗೆ ಒಪ್ಪುವಿರೆಂದು ಒಂದರಿಂದ ಐದರವರೆಗಿನ ಅಂಕಗಳಲ್ಲಿ ಉತ್ತರ ಪಡೆದು, ಸಂಖ್ಯಾಶಾಸ್ತ್ರದ ವಿಧಾನದಿಂದ ಸಂಬಂಧವನ್ನು ಲೆಕ್ಕಹಾಕುತ್ತಾರೆ. ಪುರಸ್ಕಾರವು ದಕ್ಷತೆಯನ್ನು ಹೆಚ್ಚಿಸುವುದೆಂದು ಬಹುತೇಕ ಪ್ರಬಂಧಗಳು ಹೇಳುತ್ತವೆ. ದಂಡನೆಯ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಹೆಚ್ಚಿಸುತ್ತದೆಂದು ಕೆಲವು, ಪರಿಣಾಮವಿಲ್ಲವೆಂದು ಕೆಲವು.

ಈ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಯಾವುದೇ ದಾಖಲೆಯನ್ನು ಕಂಡಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕು: ಇದನ್ನು ಬರೆದವರಾರು, ಯಾರ ಸಮ್ಮುಖದಲ್ಲಿ, ಯಾವ ನಿರೀಕ್ಷೆಯಿಂದ? ತನ್ನ ದಕ್ಷತೆಗೆ ತಾನೇ ಅಂಕ ಕೊಟ್ಟುಕೊಳ್ಳುವ ನೌಕರನು ಕಡಮೆ ಅಂಕ ಕೊಟ್ಟುಕೊಳ್ಳುವುದು ವಿರಳ. ಶಾಖೆಯ ಅಧಿಕಾರಿಯ ಅನುಮತಿಯಿಂದ ಬಂದ ಪ್ರಶ್ನಾವಳಿಯಲ್ಲಿ ದಂಡನೆ ಅನ್ಯಾಯವೆಂದು ಬರೆಯುವುದಕ್ಕೆ ಧೈರ್ಯ ಬೇಕು. ಕೆಲಸದಿಂದ ತೆಗೆಯಲ್ಪಟ್ಟವನಂತೂ ಪ್ರಶ್ನಾವಳಿಯ ಹೊರಗೇ ಉಳಿಯುತ್ತಾನೆ. ಅಲ್ಲದೆ ಒಂದು ವಾರದಲ್ಲಿ ಸಂಗ್ರಹಿಸಿದ ಉತ್ತರಗಳು ಆ ವಾರದ ಚಿತ್ರವನ್ನು ಕೊಡಬಲ್ಲವೇ ಹೊರತು ಬಹುಮಾನವು ಹತ್ತು ವರ್ಷಗಳಲ್ಲಿ ಸಂಸ್ಥೆಯನ್ನು ಎತ್ತ ಒಯ್ಯಿತೆಂಬುದನ್ನು ತಿಳಿಸಲಾರವು. ಅದನ್ನು ತಿಳಿಯಲು ಸಂಸ್ಥೆಯ ಕಷ್ಟಕಾಲದ ಚರಿತ್ರೆಯನ್ನು ನೋಡಬೇಕು.

೬. ಬ್ಯಾಂಕ್ ಮುಆಮಲಾತಿನ ನಿದರ್ಶನ

೧೯೯೭ರಲ್ಲಿ ಆಗ್ನೇಯ ಏಷ್ಯಕ್ಕೆ ಬಡಿದ ಹಣಕಾಸಿನ ವಿಪತ್ತು ಇಂಡೊನೇಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ಪೀಡಿಸಿತು. ಆ ವರ್ಷದ ನವೆಂಬರಿನಲ್ಲಿ ಒಂದೇ ದಿನ ಹದಿನಾರು ಬ್ಯಾಂಕುಗಳು ಮುಚ್ಚಲ್ಪಟ್ಟವು. ಬಡ್ಡಿಯ ದರ ಏರಿದಾಗ ಠೇವಣಿದಾರರಿಗೆ ಕೊಡುವ ಬಡ್ಡಿ ಸಾಲಗಾರರಿಂದ ಬರುವ ಬಡ್ಡಿಯನ್ನು ಮೀರಿ ಇತರ ಬ್ಯಾಂಕುಗಳು ಕುಸಿದವು. ಬ್ಯಾಂಕ್ ಮುಆಮಲಾತಿಗೆ ಈ ಕಂಟಕವಿರಲಿಲ್ಲ, ಏಕೆಂದರೆ ಠೇವಣಿದಾರನಿಗೆ ಲಾಭದ ಪಾಲು ಸಲ್ಲುತ್ತಿತ್ತೇ ಹೊರತು ನಿಶ್ಚಿತ ಬಡ್ಡಿಯಲ್ಲ. ಆದರೆ ಗ್ರಾಹಕರು ಹಣ ಹಿಂದಿರುಗಿಸಲಾರದೆ ಹೋದರು. ೧೯೯೮ರಲ್ಲಿ ಅದರ ಹೂಡಿಕೆಯ ಶೇಕಡ ೬೦ಕ್ಕೂ ಹೆಚ್ಚು ಭಾಗ ವಸೂಲಾಗದ ಸ್ಥಿತಿಗೆ ಬಂದಿತು. ನಷ್ಟವು ೧೦,೫೦೦ ಕೋಟಿ ರೂಪಿಯವನ್ನು ಮುಟ್ಟಿತು. ಸ್ವಂತ ಬಂಡವಾಳವು ಮೊದಲಿನ ಮೂರನೆಯ ಒಂದು ಭಾಗಕ್ಕಿಂತ ಕಡಮೆಯಾಯಿತು.

ಇಂಥ ಸ್ಥಿತಿಯಲ್ಲಿ ನೌಕರರನ್ನು ತೆಗೆದುಹಾಕುವುದು ಎಲ್ಲೆಡೆ ರೂಢಿ. ಹೊಸದಾಗಿ ಬಂದ ಆಡಳಿತ ಮಂಡಲಿಯು ಬೇರೆ ದಾರಿ ಹಿಡಿಯಿತು. ಒಬ್ಬ ನೌಕರನನ್ನೂ ತೆಗೆಯುವುದಿಲ್ಲ, ವೆಚ್ಚವನ್ನು ಕಡಮೆಮಾಡುವಾಗ ಅವರ ಹಕ್ಕುಗಳನ್ನು ಮೊಟಕುಗೊಳಿಸುವುದಿಲ್ಲ, ಮೊದಲ ವರ್ಷ ಅವರ ಆತ್ಮವಿಶ್ವಾಸವನ್ನು ಮರಳಿ ನೆಲೆಗೊಳಿಸುವುದೇ ಪ್ರಧಾನ ಕಾರ್ಯ ಎಂದು ತೀರ್ಮಾನಿಸಿತು. ೧೯೯೯ರ ಜೂನಿನಲ್ಲಿ ಜೆದ್ದಾದ ಇಸ್ಲಾಮೀ ಅಭಿವೃದ್ಧಿ ಬ್ಯಾಂಕು ಪಾಲುದಾರನಾಗಿ ಸೇರಿತು. ೧೯೯೯ರಿಂದ ೨೦೦೨ರವರೆಗಿನ ಅವಧಿಯಲ್ಲಿ ನಷ್ಟ ಹಿಂಗಿ ಲಾಭ ತಲೆದೋರಿತು.

ಈ ಚೇತರಿಕೆಗೆ ನೌಕರರನ್ನು ಉಳಿಸಿಕೊಂಡುದೊಂದೇ ಕಾರಣವೆಂದು ನಾವು ಹೇಳಲಾರೆವು. ಹೊಸ ಬಂಡವಾಳ ಬಂದಿತ್ತು. ದೇಶದ ಆರ್ಥಿಕ ಸ್ಥಿತಿಯೂ ಸುಧಾರಿಸುತ್ತಿತ್ತು. ಆದರೂ ಇಷ್ಟು ಸ್ಪಷ್ಟ: ದಂಡನೆಗೆ ಅವಕಾಶವಿದ್ದಾಗ ಅದನ್ನು ಬಳಸದೆ ಇದ್ದುದರಿಂದ ಬ್ಯಾಂಕು ಕೆಡಲಿಲ್ಲ. ಈ ತೀರ್ಮಾನಕ್ಕೆ ಧರ್ಮಶಾಸ್ತ್ರದ ಬೆಂಬಲವೂ ಇದೆ. ಮುದಾರಬದಲ್ಲಿ ನಷ್ಟವಾದರೆ ಅದನ್ನು ಬಂಡವಾಳಗಾರನು ಹೊರಬೇಕು. ದುಡಿದವನು ಅಲಕ್ಷ್ಯದಿಂದಲೋ ಒಪ್ಪಂದವನ್ನು ಮೀರಿಯೋ ನಡೆದಿದ್ದರೆ ಮಾತ್ರ ಅವನು ಹೊಣೆಗಾರ. ಪ್ರಾಮಾಣಿಕವಾಗಿ ದುಡಿದೂ ಸೋತ ಗ್ರಾಹಕನಿಗೆ ಸಲ್ಲುವ ಈ ನ್ಯಾಯ, ಪ್ರಾಮಾಣಿಕವಾಗಿ ದುಡಿದೂ ಗುರಿ ಮುಟ್ಟದ ನೌಕರನಿಗೆ ಏಕೆ ಸಲ್ಲಬಾರದು?

೭. ಅಳತೆಯ ಅಪಾಯ

ಪುರಸ್ಕಾರವು ನಿರಪಾಯಕರವೆಂದು ಭಾವಿಸುವುದೂ ತಪ್ಪು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಖಾತೆಗಳ ಸಂಖ್ಯೆಗೆ ತಕ್ಕಂತೆ ಬಹುಮಾನವನ್ನೂ ಗುರಿ ಮುಟ್ಟದವರ ಮೇಲೆ ಒತ್ತಡವನ್ನೂ ಹೇರಿದುದರ ಫಲವಾಗಿ, ಗ್ರಾಹಕರ ಅರಿವಿಲ್ಲದೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳು ತೆರೆಯಲ್ಪಟ್ಟುದು ೨೦೧೬ರಲ್ಲಿ ಬಯಲಾಯಿತು. ಬ್ಯಾಂಕು ೧೮.೫ ಕೋಟಿ ಡಾಲರು ದಂಡ ತೆತ್ತಿತು. ಸುಮಾರು ೫,೩೦೦ ನೌಕರರು ಕೆಲಸ ಕಳೆದುಕೊಂಡರು. ದಂಡದ ಬಗೆಗೆ ೨೦೦೦ದಲ್ಲಿ ಪ್ರಕಟವಾದ ಹೈಫಾ ನಗರದ ಅಧ್ಯಯನವೂ ಸ್ಮರಣೀಯ. ಶಿಶುವಿಹಾರಗಳಿಂದ ಮಕ್ಕಳನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗಳಿಗೆ ಸಣ್ಣ ದಂಡ ವಿಧಿಸಿದಾಗ ತಡಮಾಡುವವರು ಹೆಚ್ಚಿದರು. ದಂಡವನ್ನು ರದ್ದುಮಾಡಿದ ಮೇಲೂ ಹಿಂದಿನ ಶಿಸ್ತು ಮರಳಲಿಲ್ಲ. ಸಂಕೋಚವಿದ್ದಲ್ಲಿ ಬೆಲೆ ಬಂದು ಕುಳಿತಿತ್ತು.

ಇವೆರಡನ್ನೂ ಇಸ್ಲಾಮೀ ಬ್ಯಾಂಕಿಗೆ ಅನ್ವಯಿಸಿ ನೋಡೋಣ. ತಿಂಗಳಿನಲ್ಲಿ ಎಷ್ಟು ಹಣವನ್ನು ಹೂಡಿಸಿದನೆಂಬುದರ ಮೇಲೆ ಬಹುಮಾನ ನಿಶ್ಚಯವಾದರೆ ನೌಕರನು ಬೇಗನೆ ಮುಗಿಯುವ ಮುರಾಬಹವನ್ನು ಹಿಡಿಯುವುದೂ ಅಂಗಡಿಗೆ ಹತ್ತು ಸಲ ಹೋಗಬೇಕಾದ ಮುದಾರಬವನ್ನು ಬಿಡುವುದೂ ಸ್ವಾಭಾವಿಕ. ಇಂಡೊನೇಷ್ಯದಲ್ಲಿ ಮೊದಲ ಎರಡು ದಶಕಗಳ ಕಾಲ ಮುರಾಬಹವೇ ಹೂಡಿಕೆಯ ಪ್ರಧಾನ ರೂಪವಾಗಿತ್ತು. ಅದಕ್ಕೆ ಬೇರೆ ಕಾರಣಗಳಿದ್ದವೆಂಬುದು ನಿಜ. ಆದರೆ ಬಹುಮಾನದ ಅಳತೆಗೋಲೂ ಸಂಸ್ಥೆಯನ್ನು ತನ್ನ ಮೂಲೋದ್ದೇಶದಿಂದ ದೂರ ಒಯ್ಯಬಲ್ಲುದೆಂಬುದನ್ನು ಮರೆಯಬಾರದು. ಅಂಥ ಸಂದರ್ಭದಲ್ಲಿ ಪ್ರಶ್ನಾವಳಿಯ ಪ್ರಕಾರ ನೌಕರನು ದಕ್ಷನೇ; ಆದರೆ ಅವನ ದಕ್ಷತೆ ಬ್ಯಾಂಕು ಯಾವುದಕ್ಕಾಗಿ ಹುಟ್ಟಿತೋ ಅದನ್ನು ಸವೆಸುತ್ತಿರುತ್ತದೆ.

೮. ಉಪಸಂಹಾರ

ಮೇಲಿನ ಚರ್ಚೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಹಕ್ಕಾಗಿ ಸಲ್ಲಬೇಕಾದುದನ್ನು ಪುರಸ್ಕಾರವೆಂದು ಎಣಿಸಬಾರದು. ಪುರಸ್ಕಾರವನ್ನು ಜುಆಲದಂತೆ ಮುಂಚಿತವಾಗಿ, ಸ್ಪಷ್ಟವಾಗಿ, ಎಲ್ಲರಿಗೂ ಸಮಾನವಾಗಿ ಸಾರಬೇಕು. ಎರಡನೆಯದಾಗಿ, ದಂಡನೆಯು ಅಲಕ್ಷ್ಯಕ್ಕೂ ವಂಚನೆಗೂ ಸಲ್ಲತಕ್ಕದ್ದೇ ಹೊರತು ಪ್ರಾಮಾಣಿಕ ಸೋಲಿಗಲ್ಲ. ಅದಕ್ಕೆ ಕ್ರಮವೂ ಅವಧಿಯೂ ಇರಬೇಕು, ಅದರಿಂದ ದಂಡಿಸಿದವನಿಗೆ ಲಾಭವಿರಬಾರದು. ಮೂರನೆಯದಾಗಿ, ಎಣಿಸಲು ಸುಲಭವಾದುದನ್ನಷ್ಟೇ ಅಳೆದು ಬಹುಮಾನ ಕೊಡುವ ಸಂಸ್ಥೆ ಎಣಿಸಲಾಗದುದನ್ನು ಕ್ರಮೇಣ ಕಳೆದುಕೊಳ್ಳುತ್ತದೆ.

ಈ ವಿಷಯದಲ್ಲಿ ಮುಂದೆ ಸಂಶೋಧನೆ ಕೈಗೊಳ್ಳುವ ನಮ್ಮ ವಿದ್ಯಾರ್ಥಿಗಳು ಪ್ರಶ್ನಾವಳಿಗಳ ಜೊತೆಗೆ ಎಚ್ಚರಿಕೆಯ ಪತ್ರಗಳನ್ನೂ ವಾರ್ಷಿಕ ವರದಿಗಳನ್ನೂ ಕೆಲಸ ಬಿಟ್ಟವರ ಹೇಳಿಕೆಗಳನ್ನೂ ಪರಿಶೀಲಿಸುವುದು ಉಚಿತ. ಠೇವಣಿದಾರನು ತನ್ನ ಹಣವನ್ನು ಬ್ಯಾಂಕಿಗೆ ಅಮಾನತಾಗಿ ಒಪ್ಪಿಸುತ್ತಾನೆ. ನೌಕರನು ತನ್ನ ದುಡಿಮೆಯ ವರ್ಷಗಳನ್ನು ಒಪ್ಪಿಸುತ್ತಾನೆ. ಮೊದಲನೆಯದರ ಲೆಕ್ಕವನ್ನು ಬ್ಯಾಂಕು ಪ್ರತಿದಿನ ಸಂಜೆ ಸರಿನೋಡುತ್ತದೆ. ಎರಡನೆಯದರ ಲೆಕ್ಕವನ್ನೂ ಅಷ್ಟೇ ಶ್ರದ್ಧೆಯಿಂದ ನೋಡುವ ಬ್ಯಾಂಕಿನಲ್ಲಿ ಪುರಸ್ಕಾರಕ್ಕೂ ದಂಡನೆಗೂ ಬೆಲೆ ಉಳಿದೀತೆಂದು ನಾವು ನಂಬುತ್ತೇವೆ.